ದಕ್ಷತೆ ಕೆಡುತ್ತದೆಂಬ ವಾದಕ್ಕೆ ನೂರು ವರ್ಷ



ಇವತ್ತು ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಹೋದರೆ ‘ಡೈವರ್ಸಿಟಿ, ಈಕ್ವಿಟಿ, ಇನ್‌ಕ್ಲೂಷನ್’ ಎಂಬ ಮಾತು ಕಿವಿಗೆ ಬೀಳದೆ ಇರದು. ಅದಕ್ಕೊಂದು ವಿಭಾಗ, ಅದಕ್ಕೊಬ್ಬ ಮುಖ್ಯಸ್ಥರು, ಆಗಾಗ ತರಬೇತಿ. ಹೆಸರು ಅಮೆರಿಕದ ಕಂಪನಿಗಳ ಮೂಲಕ ಬಂದದ್ದು. ಆದರೆ ಎಲ್ಲ ಬಗೆಯ ಜನರಿಗೂ ಕಚೇರಿಯಲ್ಲಿ ಜಾಗ ಕೊಡಬೇಕೇ, ಕೊಟ್ಟರೆ ಕೆಲಸ ಕೆಡುವುದಿಲ್ಲವೇ ಎಂಬ ವಾಗ್ವಾದ ಮೈಸೂರು ಸೀಮೆಯಲ್ಲಿ ನೂರು ವರ್ಷಕ್ಕೂ ಹಳೆಯದು. ಆ ವಾಗ್ವಾದದಲ್ಲಿ ದಿವಾನರೊಬ್ಬರು ಅಧಿಕಾರವನ್ನೇ ಬಿಟ್ಟರು.

1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿಕೊಂಡಿತು. ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಖಂಡರು ಅದರಲ್ಲಿ ಒಟ್ಟಾಗಿದ್ದರು. ಸಂಸ್ಥಾನದ ಜನಸಂಖ್ಯೆಯಲ್ಲಿ ಶೇಕಡಾ 5ನ್ನೂ ಮುಟ್ಟದ ಬ್ರಾಹ್ಮಣರ ಕೈಯಲ್ಲಿ ಗೆಜೆಟೆಡ್ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿವೆ ಎಂಬುದು ಅವರ ದೂರು. ಮರುವರ್ಷ ಮಂಡಳಿಯ ನಿಯೋಗ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡು ಮನವಿ ಸಲ್ಲಿಸಿತು. ಮಹಾರಾಜರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು.

ದಿವಾನ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಿಂದುಳಿದವರ ಏಳಿಗೆ ಅವರಿಗೂ ಬೇಕಿತ್ತು. ಶಾಲೆ ಹೆಚ್ಚಲಿ, ವಿದ್ಯಾರ್ಥಿವೇತನ ಸಿಗಲಿ, ಓದಿದವರು ತಮ್ಮ ಅರ್ಹತೆಯಿಂದಲೇ ಹುದ್ದೆಗೆ ಬರಲಿ ಎಂಬುದು ಅವರ ನಿಲುವು. ಜಾತಿಯ ಲೆಕ್ಕ ಹಿಡಿದು ನೇಮಿಸಿದರೆ ಆಡಳಿತದ ದಕ್ಷತೆ ಕುಸಿಯುತ್ತದೆಂದು ಅವರು ಗಟ್ಟಿಯಾಗಿ ನಂಬಿದ್ದರು. 1918 ಮುಗಿಯುವ ಹೊತ್ತಿಗೆ ದಿವಾನಗಿರಿಯಿಂದ ನಿವೃತ್ತರಾದರು.

ಮಿಲ್ಲರ್ ಸಮಿತಿ 1919ರಲ್ಲಿ ವರದಿ ಒಪ್ಪಿಸಿತು. ಇಂಗ್ಲಿಷ್ ಬಲ್ಲವರು ಶೇಕಡಾ 5ಕ್ಕಿಂತ ಕಡಿಮೆ ಇರುವ ಸಮುದಾಯವನ್ನು ಹಿಂದುಳಿದದ್ದೆಂದು ಎಣಿಸಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗುವಂತೆ ನೋಡಿಕೊಳ್ಳಬೇಕೆಂದಿತು. ದಿವಾನರು ಎತ್ತಿದ್ದ ಆಕ್ಷೇಪಕ್ಕೂ ವರದಿಯಲ್ಲಿ ಉತ್ತರವಿತ್ತು: ಅಧಿಕಾರಿಯ ಯೋಗ್ಯತೆಯನ್ನು ಪರೀಕ್ಷೆಯ ಅಂಕಗಳಿಂದಷ್ಟೇ ಅಳೆಯಲಾಗದು, ಜನರ ಕಷ್ಟ ಅರಿಯುವ ಮನಸ್ಸು, ಪ್ರಾಮಾಣಿಕತೆ, ವ್ಯವಹಾರಜ್ಞಾನ ಇವೂ ಆಡಳಿತಕ್ಕೆ ಬೇಕು. 1921ರಲ್ಲಿ ಸರ್ಕಾರಿ ಆದೇಶ ಹೊರಬಿತ್ತು. ಆಮೇಲೆ ಆಡಳಿತವೇನೂ ಮುಗ್ಗರಿಸಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿದ್ದು, ಕನ್ನಂಬಾಡಿ ಕಟ್ಟೆ ಪೂರ್ತಿಯಾದದ್ದು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದದ್ದು ಎಲ್ಲವೂ ಆ ಆದೇಶ ಜಾರಿಯಲ್ಲಿದ್ದ ವರ್ಷಗಳಲ್ಲೇ. 

ಆದೇಶದ ಫಲ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗಲಿಲ್ಲ. ಭೂಮಿ, ಮಠ, ಹಾಸ್ಟೆಲುಗಳ ಬೆಂಬಲವಿದ್ದ ಸಮುದಾಯಗಳು ಬೇಗ ಮುಂದೆ ಬಂದವು. ಸಣ್ಣಪುಟ್ಟ ಕಸುಬಿನ ಜಾತಿಗಳು ಬಾಗಿಲಾಚೆಯೇ ಉಳಿದವು. ಮುಖ್ಯಮಂತ್ರಿ ದೇವರಾಜ ಅರಸರು 1972ರಲ್ಲಿ ಎಲ್.ಜಿ. ಹಾವನೂರ ಆಯೋಗವನ್ನು ನೇಮಿಸಿ, 1975ರಲ್ಲಿ ಅದರ ವರದಿ ಪಡೆದದ್ದು ಈ ಅಸಮತೋಲನವನ್ನು ಸರಿಪಡಿಸಲೆಂದು.

ಹೆಂಗಸರ ಕಥೆ ಬೇರೆ ದಾರಿಯಲ್ಲಿ ಸಾಗಿ ಅದೇ ದಕ್ಷತೆಯ ವಾದಕ್ಕೆ ಬಂದು ತಾಗಿತು. ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಸೇರುವಾಗಲೇ ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಬರೆದುಕೊಡಬೇಕಾಯಿತು. 1961ರ ನಿಯಮಗಳಲ್ಲಿ ಈ ಮನೋಭಾವ ಕಾನೂನಿನ ಭಾಷೆಯನ್ನೇ ತೊಟ್ಟಿತು. ಮದುವೆಗೆ ಮುನ್ನ ಮಹಿಳಾ ಅಧಿಕಾರಿ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರದ ಜವಾಬ್ದಾರಿಯಿಂದ ಕರ್ತವ್ಯದ ದಕ್ಷ ನಿರ್ವಹಣೆಗೆ ಅಡ್ಡಿಯೆಂದು ಸರ್ಕಾರಕ್ಕೆ ಅನ್ನಿಸಿದರೆ, ಮದುವೆಯಾದ ಮೇಲೂ ಆಕೆಯಿಂದ ರಾಜೀನಾಮೆ ಕೇಳಬಹುದಿತ್ತು. ಗಂಡಸರಿಗೆ ಇಂಥ ಷರತ್ತಿರಲಿಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ತೀರ್ಪು ಬರುವ ಮೊದಲೇ ಸರ್ಕಾರ ಬಡ್ತಿ ಕೊಟ್ಟಿತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅರ್ಜಿಯನ್ನು ಮುಗಿಸಿದರೂ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಲಿಂಗಭೇದದ ಕಲೆ ಅಂಟಿದ ಸೇವಾ ನಿಯಮಗಳನ್ನೆಲ್ಲ ಮತ್ತೆ ನೋಡಿ ತಿದ್ದುವಂತೆ ಸರ್ಕಾರಕ್ಕೆ ಖಾರವಾಗಿಯೇ ಹೇಳಿದರು.

ಖಾಸಗಿ ಕಾರ್ಖಾನೆಗಳ ಬಾಗಿಲೂ ಸುಲಭವಾಗಿ ತೆರೆಯಲಿಲ್ಲ. 1974ರ ಸುಮಾರಿಗೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದುತ್ತಿದ್ದ ಸುಧಾ ಕುಲಕರ್ಣಿ, ಅಂದರೆ ಇಂದಿನ ಸುಧಾ ಮೂರ್ತಿ, ಟಾಟಾ ಸಮೂಹದ ಟೆಲ್ಕೋ ಕಂಪನಿಯ ಜಾಹೀರಾತು ನೋಡಿದರು. ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂದಿತ್ತು. ಅವರು ನೇರವಾಗಿ ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡ್ ಬರೆದರು. ಪುಣೆಯಿಂದ ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಇದಕ್ಕೂ ಮುಂಚೆ ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವಾಗ ಹುಡುಗಿಯರಿಗೆ ಶೌಚಾಲಯವೇ ಇರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಸೀಟು ಕೊಟ್ಟಿದ್ದರು, ಆ ಸೀಟಿನಲ್ಲಿ ದಿನವಿಡೀ ಕೂರಲು ಬೇಕಾದ ಕನಿಷ್ಠ ಅನುಕೂಲ ಯಾರಿಗೂ ಹೊಳೆದಿರಲಿಲ್ಲ.

ಮಿಲ್ಲರ್ ಕಾಲದ ಪ್ರಶ್ನೆಗೆ ನೂರು ವರ್ಷದ ಬಳಿಕ ನ್ಯಾಯಾಲಯದಲ್ಲೂ ಉತ್ತರ ಸಿಕ್ಕಿತು. ಬಡ್ತಿಯಲ್ಲಿ ಮೀಸಲಾತಿ ಪಡೆದ ಪರಿಶಿಷ್ಟ ಜಾತಿ, ಪಂಗಡಗಳ ನೌಕರರ ಜ್ಯೇಷ್ಠತೆ ಕಾಪಾಡುವ ಕರ್ನಾಟಕದ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಬಿ.ಕೆ. ಪವಿತ್ರ ಪ್ರಕರಣದಲ್ಲಿ ರದ್ದು ಮಾಡಿತ್ತು. ಪ್ರಾತಿನಿಧ್ಯ ಕಡಿಮೆಯಿದೆಯೇ, ಮೀಸಲಾತಿಯಿಂದ ಆಡಳಿತ ಕೆಟ್ಟಿದೆಯೇ ಎಂದು ತಿಳಿಯಲು ರಾಜ್ಯ ಸರ್ಕಾರ ಹಿರಿಯ ಐಎಎಸ್ ಅಧಿಕಾರಿ ರತ್ನಪ್ರಭಾ ಅವರ ನೇತೃತ್ವದಲ್ಲಿ ಅಂಕಿಅಂಶ ಕಲೆಹಾಕಿಸಿತು, ಅದರ ಆಧಾರದ ಮೇಲೆ ಹೊಸ ಕಾಯ್ದೆ ತಂದಿತು. 2019ರ ಮೇ ತಿಂಗಳಲ್ಲಿ ಅದೇ ಪ್ರಕರಣದ ಎರಡನೇ ತೀರ್ಪಿನಲ್ಲಿ ಆ ಕಾಯ್ದೆ ಊರ್ಜಿತವಾಯಿತು. ಸಮಾಜದ ಎಲ್ಲ ಪಾಲುದಾರರೂ ಇರುವ ಆಡಳಿತವೇ ದಕ್ಷ ಆಡಳಿತ ಎಂಬ ಅರ್ಥದಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ವಿವರಿಸಿದರು. 1919ರ ವರದಿ ಹೇಳಿದ್ದಕ್ಕೆ ಇದು ತೀರ ಹತ್ತಿರ.

ಒಳಗೆ ಬಂದವರು ಉಳಿಯುವುದು ಇನ್ನೊಂದು ಅಧ್ಯಾಯ. 2017ರಲ್ಲಿ ಕೊಚ್ಚಿ ಮೆಟ್ರೊ ಇಪ್ಪತ್ತಕ್ಕೂ ಹೆಚ್ಚು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಕೆಲಸ ಕೊಟ್ಟು ದೇಶದ ಗಮನ ಸೆಳೆಯಿತು. ಕೆಲವೇ ದಿನಗಳಲ್ಲಿ ಎಂಟು ಮಂದಿ ಬಿಟ್ಟರು. ನಗರದಲ್ಲಿ ಅವರಿಗೆ ಬಾಡಿಗೆಗೆ ಮನೆ ಕೊಡುವವರಿರಲಿಲ್ಲ. ಸಿಕ್ಕ ಲಾಡ್ಜಿನ ಬಾಡಿಗೆಗೆ ಸಂಬಳ ಸಾಲುತ್ತಿರಲಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಈ ಸಮುದಾಯಕ್ಕೆ ಶೇಕಡಾ 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ. ಲೈಂಗಿಕ ಅಲ್ಪಸಂಖ್ಯಾತರ ಪರ ಕೆಲಸ ಮಾಡುವ ‘ಸಂಗಮ’ ಸಂಸ್ಥೆ ಹೈಕೋರ್ಟಿಗೆ ಹೋದ ಮೇಲೆ, 2021ರಲ್ಲಿ, ಆ ನಿಯಮ ಬಂತು.

ಅಂಗವಿಕಲರಿಗೆ 2016ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 4 ಮೀಸಲಿಟ್ಟಿದೆ. ಕಣ್ಣು ಕಾಣದ ಗುಮಾಸ್ತರೊಬ್ಬರು ಕಚೇರಿಯಲ್ಲಿ ಹೇಗೆ ಕೆಲಸ ಮಾಡುತ್ತಾರೆ ನೋಡಿ. ಕಿವಿಗೆ ಇಯರ್‌ಫೋನ್. ಕಂಪ್ಯೂಟರಿನ ಪರದೆಯ ಅಕ್ಷರಗಳನ್ನು ಒಂದು ತಂತ್ರಾಂಶ ಓದಿ ಹೇಳುತ್ತದೆ. ಕೀಲಿಮಣೆಯ ಒಂದೊಂದು ಗುಂಡಿಯೂ ಮಾತಾಡುತ್ತದೆ. ಪತ್ರ, ಲೆಕ್ಕ, ಇಮೇಲ್ ಎಲ್ಲವೂ ಸಲೀಸು. ಆದರೆ ಮೇಲಿನ ಕಚೇರಿಯಿಂದ ಸುತ್ತೋಲೆ ಫೋಟೋ ಆಗಿ ಬಂದರೆ ತಂತ್ರಾಂಶಕ್ಕೆ ಅಕ್ಷರ ನೇರವಾಗಿ ಸಿಗದು. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟಿನಲ್ಲಿ ಟೈಪಾಗಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕೇಳಿಸುತ್ತವೆ. ಅದೇ ಸುತ್ತೋಲೆಯನ್ನು ಯೂನಿಕೋಡಿನಲ್ಲಿ ಕಳಿಸಲು ಇಲಾಖೆಗೆ ಹೆಚ್ಚಿನ ಖರ್ಚೇನೂ ಇಲ್ಲ.

ಯಾವ ಆದೇಶವೂ ಇಲ್ಲದೆ ಕೆಲವೇ ಸಮುದಾಯಗಳ ಪಾಲಿಗೆ ಬಿದ್ದ ಕೆಲಸವೂ ಇದೆ. ನಗರದ ಬೀದಿ ಗುಡಿಸುವ ಪೌರಕಾರ್ಮಿಕರಲ್ಲಿ ಹೆಚ್ಚಿನವರು ದಲಿತರು, ಅವರಲ್ಲೂ ಹೆಂಗಸರೇ ಹೆಚ್ಚು. ಗುತ್ತಿಗೆದಾರರ ಕೈಕೆಳಗೆ ದುಡಿದು, ಮುಷ್ಕರ ಹೂಡಿ, 2017ರ ನಂತರ ನೇರ ವೇತನ ಪಡೆದರು. 2025ರ ಮೇ ದಿನದಂದು ಬೆಂಗಳೂರಿನಲ್ಲಿ 12 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಕಸದ ಗಾಡಿಯ ಚಾಲಕರು, ಸಹಾಯಕರು, ಲೋಡರ್‌ಗಳು ಆ ಪಟ್ಟಿಯಲ್ಲಿರಲಿಲ್ಲ. ತಮ್ಮನ್ನೂ ಕಾಯಂ ಮಾಡಿ ಎಂದು ಅವರು ಕೇಳುತ್ತಲೇ ಬಂದಿದ್ದಾರೆ.