ಮುಂಗಡದ ಹಗ್ಗ
(ಅಷ್ಟೂರ ಗ್ರಾಮದಲ್ಲಿ ನೀಡಿದ ಪ್ರವಚನ)



ಅಷ್ಟೂರಿಗೆ ಬಂದಾಗಲೆಲ್ಲ ಈ ಗುಂಬಜುಗಳ ಕಡೆಗೆ ಕಣ್ಣು ಹೋಗುತ್ತದೆ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಗೋರಿ ಇಲ್ಲಿದೆ. ಅವನ ಜಾತ್ರೆಯನ್ನು ಲಿಂಗಾಯತರೂ ಮುಸಲ್ಮಾನರೂ ಕೂಡಿಯೇ ಮಾಡುತ್ತ ಬಂದಿದ್ದಾರೆ. ಸುಲ್ತಾನನ ಹೆಸರು ಎಲ್ಲರಿಗೂ ಗೊತ್ತು. ಕಲ್ಲು ಹೊತ್ತವರ ಹೆಸರು ಯಾರಿಗೆ ಗೊತ್ತು? ಅವರಿಗೆ ಕೂಲಿ ಸಂದಿತೋ ಇಲ್ಲವೋ, ಈಗ ಕೇಳಲಾರೆವು. ಆದರೆ ಇಂದು ನಾವು ಕಟ್ಟುವ ಗೋಡೆಯ ಇಟ್ಟಂಗಿ ಯಾರ ಕೈಯದು ಎಂದು ಕೇಳಬಹುದಲ್ಲವೇ?

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಮಠದ ದಾಸೋಹದ ಕೋಣೆ ಕಟ್ಟಿಸುವಾಗ ಇಟ್ಟಂಗಿ ಅಗ್ಗಕ್ಕೆ ಸಿಕ್ಕಿತು. ಭಕ್ತರ ದುಡ್ಡು ಉಳಿಯಿತೆಂದು ಸಂತೋಷಪಟ್ಟೆವು. ಒಂದು ದಿನ ಇಟ್ಟಂಗಿ ಇಳಿಸಲು ಬಂದ ತಾಯಿಯೊಬ್ಬಳು ಪ್ರಸಾದಕ್ಕೆ ಕುಳಿತಳು. ಊರಿಗೆ ಯಾವಾಗ ಹೋಗುತ್ತೀ ತಾಯಿ ಎಂದು ಕೇಳಿದೆವು. "ಮುಂಗಡ ತೀರೋತನಕ ಬಿಡಲ್ಲರಿ ಅಪ್ಪೋರೆ. ನಮ್ಮವ್ವ ಸತ್ತಾಗ ಭಿ ಬಿಡಲಿಲ್ಲ" ಎಂದಳು. ಮುಂಗಡ ಎಷ್ಟು ಎಂದರೆ, "ಅದು ಮಾಲಕರ ವಹಿದಾಗ ಅದರಿ, ನಮಗೇನು ಗೊತ್ತು" ಎಂದಳು.

ಆ ಅಗ್ಗದ ಗುಟ್ಟು ಆಗ ತಿಳಿಯಿತು. ನಮಗೆ ಉಳಿದದ್ದು ಭಕ್ತರ ದುಡ್ಡಲ್ಲ, ಆ ತಾಯಿಯ ಕೂಲಿ.

ಭಟ್ಟಿಯ ಮಾಲಕರನ್ನು ಕರೆಸಿದೆವು. ಅವರು ಕಟುಕರಲ್ಲ, ಮಠದ ಭಕ್ತರೇ. "ಮುಂಗಡ ಕೊಡದಿದ್ದರೆ ಆಳು ಬರಲ್ಲ, ಬಿಟ್ಟರೆ ತಿರುಗಿ ಬರಲ್ಲ ಅಪ್ಪೋರೆ" ಎಂದರು. ಮುಂಗಡ ಕೊಡುವುದೇ ಪಾಪವೆಂದು ನಾವೂ ಹೇಳುವುದಿಲ್ಲ. ಮದುವೆಗೆ, ದವಾಖಾನೆಗೆ ಬಡವನು ಹಣ ಕೇಳುತ್ತಾನೆ. ಆದರೆ ನೀವು ಕೊಟ್ಟದ್ದು ಹಣ, ಮನುಷ್ಯನನ್ನು ಕೊಂಡಿಲ್ಲ. ಹೋಗುತ್ತೇನೆ ಎಂದವನನ್ನು ತಡೆದ ಗಳಿಗೆಯಲ್ಲೇ ಮುಂಗಡವು ಹಗ್ಗವಾಗುತ್ತದೆ. ಅವರು ಒಪ್ಪಲಿಲ್ಲ. ನಾವು ತಹಶೀಲ್ದಾರರಿಗೆ ತಿಳಿಸಿದೆವು. ಆ ಕುಟುಂಬ ಬಿಡುಗಡೆಯ ಪತ್ರ ಹಿಡಿದು ಊರಿಗೆ ಹೋಯಿತು. ಮಾಲಕರು ಅಂದಿನಿಂದ ಮಠಕ್ಕೆ ಬಂದಿಲ್ಲ. ಬರಬೇಕೆಂಬುದೇ ನಮ್ಮ ಆಸೆ. ಆ ಇಟ್ಟಂಗಿ ಮಾತ್ರ ಇಂದಿಗೂ ನಮ್ಮ ಗೋಡೆಯಲ್ಲಿದೆ.

ಇದಕ್ಕೆ ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿ ಬಗೇಲಾ ಎನ್ನುತ್ತಿದ್ದರು, ಮೈಸೂರು ಕಡೆ ಜೀತ ಎನ್ನುತ್ತಿದ್ದರು. 1976ರ ಜೀತಪದ್ಧತಿ ನಿರ್ಮೂಲನ ಕಾಯದೆಯಲ್ಲಿ ಈ ಎರಡು ಹೆಸರುಗಳೂ ಇವೆ. ಆ ಕಾಯದೆಯ ಪ್ರಕಾರ ಜೀತದ ಸಾಲವೇ ರದ್ದು. ಅದನ್ನು ತೀರಿಸಬೇಕಾಗಿಲ್ಲ, ವಸೂಲು ಮಾಡಿದವನೇ ಅಪರಾಧಿ. ಇಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಸೆರೆವಾಸವುಂಟು. ಇದು ಜೀತದ ಸಾಲವಲ್ಲವೆಂದು ತೋರಿಸುವ ಹೊಣೆಯೂ ಸಾಲ ಕೊಟ್ಟವನದೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ ಹೇಳಿತು.

ನಾನು ಭಟ್ಟಿಯವನಲ್ಲ, ನನಗೇನು ಎನ್ನಬೇಡಿ. ಕಬ್ಬು ಕಡಿಯುವ ಟೋಳಿಯನ್ನು ನೋಡಿ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಕೊಯ್ತಾ ಎಂದು ಲೆಕ್ಕ. ಮುಂಗಡ ಬರುವುದು ಮುಕಾದಮನ ಕೈಯಿಂದ. ಹೊಲದವನು ಮುಕಾದಮನನ್ನು ತೋರಿಸುತ್ತಾನೆ, ಮುಕಾದಮನು ಕಾರಖಾನೆಯನ್ನು ತೋರಿಸುತ್ತಾನೆ. ಸಕ್ಕರೆ ತಿನ್ನುವ ನಾವು ಯಾರನ್ನೂ ಕೇಳುವುದಿಲ್ಲ. ಭಾಲ್ಕಿ, ಔರಾದ ಕಡೆಯ ನಮ್ಮ ಮಕ್ಕಳೂ ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋಗುತ್ತಾರೆ. ಅಲ್ಲಿ ನಿಮ್ಮ ಮಗನನ್ನು ಹೀಗೆ ಹಿಡಿದಿಟ್ಟರೆ ನಿಮ್ಮ ಕರುಳು ಏನೆನ್ನುತ್ತದೆ?

ನಮ್ಮ ಜಿಲ್ಲೆಯ ಕಲ್ಯಾಣದಲ್ಲೇ ಆಯ್ದಕ್ಕಿ ಮಾರಯ್ಯನು ಬಿದ್ದ ಅಕ್ಕಿಯನ್ನು ಆಯುವ ಕಾಯಕ ಮಾಡುತ್ತಿದ್ದ. ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮತಾಯಿ ಮನೆಯೊಳಗೆ ಇರಿಸಿಕೊಳ್ಳಲಿಲ್ಲ, ತಿರುಗಿ ಸುರಿದು ಬಾ ಎಂದಳು. ನೆಲಕ್ಕೆ ಬಿದ್ದ ಅಕ್ಕಿಯೇ ಹೆಚ್ಚಾದರೆ ಬೇಡವೆಂದ ತಾಯಿ, ಇನ್ನೊಬ್ಬರ ಬೆವರಿನಿಂದ ಹಿಂಡಿದ ಲಾಭವನ್ನು ಒಳಗೆ ಬಿಟ್ಟಾಳೆಯೇ? ಅಂಥ ಹಣದಿಂದ ನಡೆದ ದಾಸೋಹ ದಾಸೋಹವಲ್ಲ.

ಆದುದರಿಂದ ವ್ಯಾಪಾರ ಮಾಡುವ ಭಕ್ತರು ಇಷ್ಟು ನಡೆಸಿರಿ. ಮುಂಗಡದ ಲೆಕ್ಕವನ್ನು ಬರೆದು ಒಂದು ಚೀಟಿ ಆಳಿನ ಕೈಯಲ್ಲಿಡಿರಿ. ಓದಲು ಬಾರದಿದ್ದರೆ ಓದಿ ಹೇಳಿರಿ. ಹೆಂಡತಿಯ ಕೂಲಿಯನ್ನು ಹೆಂಡತಿಯ ಕೈಗೇ ಕೊಡಿರಿ. ಅವರ ಆಧಾರ್, ರೇಷನ್ ಕಾರ್ಡುಗಳನ್ನು ಇಟ್ಟುಕೊಳ್ಳಬೇಡಿರಿ. ಮಕ್ಕಳನ್ನು ಶಾಲೆಗೆ ಕಳಿಸಿರಿ. ಹೋಗುತ್ತೇನೆ ಎಂದವರಿಗೆ ದಾರಿ ಬಿಡಿರಿ. ಕೊಳ್ಳುವವರು ದರ ಕೇಳುವುದಕ್ಕೆ ಮೊದಲು ಕೂಲಿ ಕೇಳಿರಿ. ಸಾಧ್ಯವಾದರೆ ಭಟ್ಟಿಗೇ ಹೋಗಿ ದುಡಿಯುವವರನ್ನೇ ಮಾತಾಡಿಸಿರಿ. ಕಟ್ಟಿಹಾಕಿದ್ದು ಕಂಡರೆ ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗಳಿಗೋ ತಿಳಿಸಿರಿ. ಮಕ್ಕಳಿದ್ದರೆ 1098ಕ್ಕೆ ಫೋನು ಮಾಡಿರಿ.

ಕೇಳಿದರೆ ದರ ಹೆಚ್ಚಾದೀತು. ಹೆಚ್ಚಾಗಲಿ. ಮಠದ ಮುಂದಿನ ಗೋಡೆ ಒಂದು ವರ್ಷ ತಡವಾಗಿ ಎದ್ದರೂ ಚಿಂತೆಯಿಲ್ಲ. ದುಡಿದವರ ಹೆಸರನ್ನು ನಾವು ಅಳುಕದೆ ಹೇಳುವಂತಿರಬೇಕು.

ಬಸವಾದಿ ಶರಣರು ನಿಮಗೂ ನಮಗೂ ಈ ಬುದ್ಧಿ ಕೊಡಲಿ.