ಬಲ್ಲವರ ತಳಮಳ



ಬಹುಕಾಲ ಕಾವ್ಯಪಾಠ ಹೇಳಿದ ನಾನು ಸಸ್ಪೆನ್ಸ್ ಚಿತ್ರಗಳನ್ನು ಹಗುರವಾಗಿ ಕಂಡವನು. ‘ಕೊಲೆಗಾರ ಯಾರೆಂದು ತಿಳಿದ ಮೇಲೆ ಅವುಗಳಲ್ಲಿ ಉಳಿಯುವುದೇನು?’ ಎಂದು ಒಮ್ಮೆ ತರಗತಿಯಲ್ಲಿ ಕೇಳಿದೆ. ‘ಗದಾಯುದ್ಧದಲ್ಲಿ ಗೆಲ್ಲುವವರು ಯಾರೆಂದು ನಮಗೆ ಮೊದಲೇ ಗೊತ್ತಲ್ಲವೇ, ಸಾರ್?’ ಎಂದ ಒಬ್ಬ ವಿದ್ಯಾರ್ಥಿ. ಗದರಿಸಿ ಕೂರಿಸಿದೆ. ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಈ ಪ್ರಕಾರದ ಆಚಾರ್ಯರೆನಿಸಿದ ಆಲ್‌ಫ್ರೆಡ್ ಹಿಚ್‌ಕಾಕ್, 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರುಫೋ ಅವರೊಡನೆ ನಡೆಸಿದ ಸಂವಾದದಲ್ಲಿ ಒಂದು ದೃಷ್ಟಾಂತ ಕೊಟ್ಟಿದ್ದಾರೆ. ಮೇಜಿನ ಸುತ್ತ ಕುಳಿತವರು ಏನೋ ಹರಟುತ್ತಿದ್ದಾರೆ. ಥಟ್ಟನೆ ಮೇಜಿನಡಿಯ ಬಾಂಬು ಸಿಡಿಯುತ್ತದೆ. ನಮಗೆ ದಕ್ಕುವುದು ಹದಿನೈದು ಸೆಕೆಂಡುಗಳ ಬೆರಗು. ಬಾಂಬು ಇರುವುದನ್ನೂ ಅದು ಸಿಡಿಯುವ ವೇಳೆಯನ್ನೂ ಮೊದಲೇ ನಮಗೆ ತಿಳಿಸಿದರೆ, ಅದೇ ಹರಟೆ ಹದಿನೈದು ನಿಮಿಷಗಳ ತಳಮಳವಾಗುತ್ತದೆ. ಬಚ್ಚಿಟ್ಟರೆ ಬೆರಗು, ತಿಳಿಸಿದರೆ ಉತ್ಕಂಠೆ.

1954ರ ‘ರಿಯರ್ ವಿಂಡೋ’ದಲ್ಲಿ ಕಾಲು ಮುರಿದು ಗಾಲಿಕುರ್ಚಿಯಲ್ಲಿ ಕುಳಿತ ಛಾಯಾಗ್ರಾಹಕನೊಬ್ಬ, ಎದುರುಮನೆಯವನು ಹೆಂಡತಿಯನ್ನು ಕೊಂದಿರಬೇಕೆಂದು ಶಂಕಿಸುತ್ತಾನೆ. ಸಾಕ್ಷ್ಯವನ್ನರಸಿ ಇವನ ಪ್ರೇಯಸಿ ಆ ಮನೆಯನ್ನು ಹೊಕ್ಕಿದ್ದಾಳೆ, ಮನೆಯಾತ ಹಿಂದಿರುಗುತ್ತಿದ್ದಾನೆ. ಅಂಗಳದ ಈಚೆಯಿಂದ ಇವನು ಎಲ್ಲವನ್ನೂ ಕಾಣಬಲ್ಲ, ನೆರವಿಗೆ ಧಾವಿಸಲಾರ. ಪ್ರೇಕ್ಷಕರಾದ ನಾವೂ ಅವನಂತೆಯೇ ಕುರ್ಚಿಗೆ ಕಟ್ಟುಬಿದ್ದವರು. 1958ರ ‘ವರ್ಟಿಗೋ’ದಲ್ಲಂತೂ ಚಿತ್ರ ಮುಗಿಯುವುದಕ್ಕೆ ಬಹಳ ಮೊದಲೇ ರಹಸ್ಯ ನಮಗೆ ಬಯಲಾಗುತ್ತದೆ, ನಾಯಕನಿಗೆ ಮಾತ್ರ ತಿಳಿಯದು.

ಇದು ನಮಗೆ ಹೊಸತೇ? ದುರ್ವಾಸರ ಶಾಪ ಸಖಿಯರ ಕಿವಿಗೆ ಬಿತ್ತು, ನಮ್ಮ ಕಿವಿಗೂ ಬಿತ್ತು, ಶಕುಂತಲೆಗೆ ತಿಳಿಯಲಿಲ್ಲ. ಅವಳು ನಂಬುಗೆಯಿಂದ ದುಷ್ಯಂತನ ಅರಮನೆಗೆ ನಡೆಯುವಾಗ ನಮ್ಮ ಎದೆ ನಡುಗುವುದು ಈ ತಿಳಿವಿನಿಂದಲೇ. ರನ್ನನ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿರುವುದನ್ನು ನಾವು ಬಲ್ಲೆವು. ಅರಸುತ್ತಿರುವ ಭೀಮ ಅರಿಯ. ಔತ್ಸುಕ್ಯವನ್ನು ನಮ್ಮ ಆಲಂಕಾರಿಕರು ಮೂವತ್ತಮೂರು ಸಂಚಾರಿಭಾವಗಳಲ್ಲಿ ಒಂದಾಗಿ ಎಣಿಸಿದ್ದು ಸುಮ್ಮನೆ ಅಲ್ಲ.

ಆದರೆ ಇದಕ್ಕೊಂದು ಕಟ್ಟುಪಾಡಿದೆ. 1936ರ ‘ಸ್ಯಾಬೊಟಾಜ್’ನಲ್ಲಿ ತಾನು ಒಯ್ಯುತ್ತಿರುವುದು ಬಾಂಬೆಂದು ಅರಿಯದ ಹುಡುಗನೊಬ್ಬ ಬಸ್ಸು ಹತ್ತುತ್ತಾನೆ; ಅದು ಸಿಡಿದು ಸಾಯುತ್ತಾನೆ. ಪ್ರೇಕ್ಷಕರು ಮುನಿದರು. ಅದು ತಮ್ಮ ತಪ್ಪೆಂದು ಹಿಚ್‌ಕಾಕ್ ಮುಂದೆ ಒಪ್ಪಿಕೊಂಡರು. ನಮ್ಮ ತಳಮಳದ ಬೇರು ಇರುವುದು ಆ ಜೀವದ ಮೇಲಿನ ಅಕ್ಕರೆಯಲ್ಲಿ. ಅಕ್ಕರೆಯನ್ನು ಬೆಳೆಸಿ ಬರಿಯ ಆಘಾತಕ್ಕೆ ಅದನ್ನು ಬಲಿಗೊಟ್ಟರೆ ಸಹೃದಯ ಕ್ಷಮಿಸುವುದಿಲ್ಲ.

ಕೊನೆ ತಿಳಿದ ಮೇಲೂ ಉಳಿಯುವುದು ಆ ಅಕ್ಕರೆಯೇ. ಅಂದು ಗದರಿಸಿ ಕೂರಿಸಿದ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು. ಅವನು ಎಲ್ಲಿಯಾದರೂ ಕೇಳುತ್ತಿದ್ದರೆ, ತಡವಾಯಿತೆಂದು ಮನ್ನಿಸಲಿ.