ಗರ್ಭಸ್ಥ ಜೀವವೂ ಮೀನಿನ ಮೊಟ್ಟೆಯ ಪಾಠವೂ



ಮಾಡದಕೆರೆಯ ಸುತ್ತಿನ ಹೊಲತೋಟಗಳಲ್ಲಿ ಕೀಟಗಳನ್ನು ಕೊಲ್ಲುವ ಔಷಧಗಳು ಇಂದು ಹೊಸವಲ್ಲ. ಸಿಂಪಡಿಸಿದ ರೈತನು ಕೈಕಾಲು ತೊಳೆದು ಮನೆಗೆ ಬರುವನು. ತನಗೇನೂ ಆಗಲಿಲ್ಲವೆಂದು ನಿಶ್ಚಿಂತನಾಗಿರುವನು. ಆದರೆ ಆ ಮನೆಯಲ್ಲಿ ಬಸುರಿಯಿದ್ದರೆ, ಬೆಳೆದವರು ತಾಳಿದ ವಿಷವನ್ನು ಗರ್ಭಸ್ಥ ಜೀವವೂ ತಾಳೀತೆಂದು ನಂಬಲಾಗದು. ಬೆಳೆಯುವ ಭ್ರೂಣಕ್ಕೆ ವಿಷವು ಮಾಡುವ ಕೇಡನ್ನು ವಿಚಾರಿಸುವ ಶಾಸ್ತ್ರವನ್ನು ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಮೀನಿನ ಮೊಟ್ಟೆಯ ಮೂಲಕ ಬೋಧಿಸುವ ಕ್ರಮವುಂಟು. ಅದೇ ಈ ಉಪನ್ಯಾಸದ ವಿಷಯವು.

ಈ ವಿದ್ಯೆಯ ಅಗತ್ಯವನ್ನು ಕನ್ನಡಿಗರು ಕಷ್ಟದಿಂದಲೇ ಅರಿತರು. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೆ ವರ್ಷವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸುತ್ತಿದ್ದರು. ಪಡ್ರೆ ಮೊದಲಾದ ಗ್ರಾಮಗಳಲ್ಲಿ ಹುಟ್ಟಿನಿಂದಲೇ ವೈಕಲ್ಯಕ್ಕೊಳಗಾದ ಮಕ್ಕಳನ್ನು ಕಂಡು ವೈದ್ಯರಾದ ಡಾ. ವೈ. ಎಸ್. ಮೋಹನಕುಮಾರರು ಕಳವಳಗೊಂಡರು, ಪತ್ರಕರ್ತರಾದ ಶ್ರೀ ಪಡ್ರೆಯವರು ಅದನ್ನು ಲೋಕಕ್ಕೆ ತಿಳಿಸಿದರು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಲ್ಲೆಲ್ಲ ನಿಷೇಧಿಸಿತು. ಮೊದಲೇ ಪರೀಕ್ಷಿಸಿ ನೋಡುವ ಕಣ್ಣುಗಳು ಹೆಚ್ಚಾಗಿದ್ದರೆ ಅಷ್ಟು ಕಾಲ ಕಾಯಬೇಕಾಗುತ್ತಿರಲಿಲ್ಲವಷ್ಟೆ.

ಪಾಠಕ್ಕೆ ಬಳಸುವ ಜೀಬ್ರಾ ಮೀನು ಭರತಖಂಡದ ಹೊಳೆಗಳದೇ. 1801ರಲ್ಲಿ ಚಿತ್ರದುರ್ಗದ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವಿದ್ವಾಂಸನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ, 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥದಲ್ಲಿ ಇದನ್ನು ವರ್ಣಿಸಿದನು. ಇದರ ಮೊಟ್ಟೆಯು ತಾಯಿಯ ಒಡಲ ಹೊರಗೆ ಬೆಳೆಯುವುದು, ಗಾಜಿನಂತೆ ಪಾರದರ್ಶಕವಾಗಿರುವುದು. ಹದವಾದ ಬೆಚ್ಚನೆಯ ನೀರಿನಲ್ಲಿ ಮುಕ್ಕಾಲು ಗಂಟೆಗೆ ಒಂದು ಕಣವು ಎರಡಾಗುವುದು. ಒಂದು ಹಗಲಿರುಳು ಕಳೆಯುವುದರೊಳಗೆ ಹೃದಯವು ಮಿಡಿಯತೊಡಗುವುದು. ಎರಡು ಮೂರು ದಿನಗಳಲ್ಲಿ ಮರಿಯು ಹೊರಬರುವುದು. ಗರ್ಭದ ಕತ್ತಲೆಯಲ್ಲಿ ನಡೆಯುವ ಸೃಷ್ಟಿಕಾರ್ಯಕ್ಕೆ ಹೋಲುವುದನ್ನು ವಿದ್ಯಾರ್ಥಿಯು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಾಣುವನು.

ಅಧ್ಯಾಪಕರು ಕೆಲವು ಮೊಟ್ಟೆಗಳನ್ನು ಶುದ್ಧವಾದ ನೀರಿನಲ್ಲಿಯೂ, ಕೆಲವನ್ನು ಕ್ರಮವಾಗಿ ಹೆಚ್ಚುವ ಪ್ರಮಾಣದ ಮದ್ಯಸಾರ ಬೆರೆತ ನೀರಿನಲ್ಲಿಯೂ ಇರಿಸುವರು. ಪ್ರಮಾಣವು ಮೀರಿದರೆ ಭ್ರೂಣವು ಸಾಯುವುದು. ಅದಕ್ಕಿಂತ ಕಡಿಮೆಯಾದಲ್ಲಿ ಬದುಕಿಯೂ ಕೆಡುವುದುಂಟು: ಬಾಲವು ಸೊಟ್ಟಗಾಗುವುದು, ಹೃದಯದ ಸುತ್ತಲೂ ನೀರು ತುಂಬುವುದು, ಎರಡು ಕಣ್ಣುಗಳು ಸಮೀಪಿಸಿ ಒಂದಾಗುವುದೂ ಉಂಟು. ಕಾಲವೂ ಮುಖ್ಯವೇ. ಮೊದಲ ಗಂಟೆಗಳಲ್ಲಿ ಕಣ್ಣನ್ನು ಕೆಡಿಸಿದ ಪ್ರಮಾಣವು, ಕಣ್ಣು ರೂಪುಗೊಂಡ ಬಳಿಕ ಹಾಗೆ ಕೆಡಿಸದು. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೋಮೈಡ್ ಎಂಬ ಔಷಧವು, ಗರ್ಭದ ಮೊದಲ ವಾರಗಳಲ್ಲಿ ತಾಯಂದಿರು ಸೇವಿಸಿದುದರಿಂದ, ಸಾವಿರಾರು ಶಿಶುಗಳ ಕೈಕಾಲುಗಳನ್ನು ಮೊಟಕುಗೊಳಿಸಿದುದೂ ಈ ನಿಯಮಕ್ಕೆ ಸಾಕ್ಷಿಯಾಗಿದೆ. ಇಲಿಗಳಲ್ಲಿ ಆ ಔಷಧವು ಅಂತಹ ಕೇಡನ್ನು ತೋರಲಿಲ್ಲ. ಆದುದರಿಂದ ಮೀನಿನ ಮೊಟ್ಟೆಯೂ ಎಚ್ಚರಿಕೆಯನ್ನು ಕೊಡಬಲ್ಲುದೇ ಹೊರತು ಕಡೆಯ ತೀರ್ಪನ್ನು ಕೊಡಲಾರದು. ಈ ವಿನಯವೂ ಪಾಠದ ಅಂಗವೇ ಸರಿ.

ಜೀವವನ್ನು ಕೆಡಿಸಿ ಕಲಿಯುವ ವಿದ್ಯೆಯು ಬೇಕೇ ಎಂದು ಭಕ್ತರು ಕೇಳುವುದು ಯುಕ್ತವೇ. ಕಾಲೇಜುಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ಕ್ರಮಕ್ರಮವಾಗಿ ಬಿಡಬೇಕೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2011ರಲ್ಲಿ ಸೂಚಿಸಿತು. ಮರಿಯು ತಾನಾಗಿ ಆಹಾರವನ್ನು ತಿನ್ನತೊಡಗಿದ ಮೇಲೆ ಅದಕ್ಕೆ ರಕ್ಷಣೆ ಸಲ್ಲಬೇಕೆಂದು ಯೂರೋಪಿನ 2010ರ ಶಾಸನವು ಹೇಳುವುದು. ಪರೀಕ್ಷೆಯನ್ನು ಅದಕ್ಕೆ ಮುಂಚೆಯೇ ಮುಗಿಸುವುದು ರೂಢಿ. ಆದರೂ ಶಾಸನವು ಬಿಟ್ಟಮಾತ್ರಕ್ಕೆ ಮನಸ್ಸು ಬಿಡಬಾರದು. ಬೇಕಾದುದಕ್ಕಿಂತ ಒಂದು ಮೊಟ್ಟೆಯನ್ನೂ ಹೆಚ್ಚಾಗಿ ಬಳಸದಿರುವುದು, ಕಂಡುದನ್ನು ಕಂಡಂತೆಯೇ ಬರೆಯುವುದು, ಒಮ್ಮೆ ಚೆನ್ನಾಗಿ ಕಲಿತುದನ್ನು ವೃಥಾ ಮತ್ತೆ ಮಾಡದಿರುವುದು, ಇವು ಗುರುವೂ ಶಿಷ್ಯನೂ ಆ ಜೀವಕ್ಕೆ ಸಲ್ಲಿಸಬೇಕಾದ ಋಣ.

ಆ ಋಣವು ಪ್ರಯೋಗಶಾಲೆಯಲ್ಲಿಯೇ ತೀರದು. ಒಂದೇ ಕಣ್ಣಿನ ಮರಿಯನ್ನು ಕಂಡ ವಿದ್ಯಾರ್ಥಿಯು ರಜೆಯಲ್ಲಿ ಊರಿಗೆ ಬಂದಾಗ, ಔಷಧದ ಡಬ್ಬಿಯನ್ನು ಕೆರೆಯಲ್ಲಿ ತೊಳೆಯಬೇಡಿರೆಂದೂ, ಸಿಂಪಡಿಸಿದ ಬಟ್ಟೆಯನ್ನು ಬಸುರಿಯ ಕೈಗೆ ಒಗೆಯಲು ಕೊಡಬೇಡಿರೆಂದೂ ಮನೆಯವರಿಗೆ ತಿಳಿಹೇಳಿದರೆ, ಆ ವಿದ್ಯೆಯು ಸಾರ್ಥಕವಾಯಿತು. ಮಾತಿಲ್ಲದ ಆ ಸಣ್ಣ ಜೀವವು ಕಲಿಸಿದ ಪಾಠವು, ಇನ್ನೂ ಹುಟ್ಟದ ಕೂಸಿಗೆ ಕಾವಲಾಗಲಿ.